ದೊಡ್ಡ ಟೀಚರ್ ಮನೆಯ ಸೋಫಾ

ನಮ್ಮವರ ಬಾಯಲ್ಲಿ ಮೊಳೆ ಇಲ್ಲದ ಹೊತ್ತನ್ನು ನಾನು ಕಂಡದ್ದೇ ಕಡಿಮೆ. ಸೋಫಾ ರಿಪೇರಿ ಮಾಡುವವರ ಹಣೆಬರಹವೇ ಅಷ್ಟು. ಎಡಗೈ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿರಬೇಕು, ಬಲಗೈಯಲ್ಲಿ ಸುತ್ತಿಗೆ, ಹಾಗಾಗಿ ಮೊಳೆಗಳಿಗೆ ಬಾಯೇ ಡಬ್ಬಿ. ನಾಲಗೆ ಒಂದೊಂದನ್ನೇ ತುಟಿಯ ಸಂದಿಗೆ ತಳ್ಳುತ್ತದೆ, ಬೆರಳು ತೆಗೆದುಕೊಳ್ಳುತ್ತದೆ. ಮದುವೆಯಾದ ಹೊಸತರಲ್ಲಿ ನಾನು ಏನು ಕೇಳಿದರೂ ಹೂಂ, ಊಹೂಂ ಬಿಟ್ಟು ಬೇರೆ ಉತ್ತರ ಬರುತ್ತಿರಲಿಲ್ಲ. ಬಾಯಲ್ಲಿ ಮೊಳೆ ಇದೆ, ಪಾಪ ಅಂದುಕೊಳ್ಳುತ್ತಿದ್ದೆ. ಮೊಳೆ ತೆಗೆದಿಟ್ಟ ಮೇಲೂ ಅಷ್ಟೇ ಎಂದು ತಿಳಿಯಲು ಬಹಳ ಕಾಲ ಬೇಕಾಗಲಿಲ್ಲ. ನನಗೋ ಮಾತಾಡದಿದ್ದರೆ ಉಂಡದ್ದು ಅರಗುವುದಿಲ್ಲ. ಹಾಗಾಗಿ ಮನೆಯ ಇಬ್ಬರ ಪಾಲಿನ ಮಾತನ್ನೂ ನಾನೊಬ್ಬಳೇ ಆಡಿ ಮುಗಿಸುತ್ತೇನೆ.

ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕಿಟಕಿಯ ಪಕ್ಕ ನನ್ನ ಹೊಲಿಗೆ ಯಂತ್ರ, ನಡುವೆ ಕುದುರೆ ಎಂದು ಕರೆಯುವ ಎರಡು ಮರದ ಆಸರೆಗಳ ಮೇಲೆ ಕಾಲು ಮೇಲಾಗಿ ಮಲಗಿದ ಒಂದಲ್ಲ ಒಂದು ಸೋಫಾ, ಗೋಡೆಗೊರಗಿದ ಗೋಣಿಬಟ್ಟೆಯ ಸುರುಳಿಗಳು. ಹಿತ್ತಲಲ್ಲಿ ಒಂದು ತಗಡಿನ ಶೆಡ್ಡು. ಹಳೇ ಸೋಫಾಗಳ ಹೊಟ್ಟೆಯಲ್ಲಿ ಒಳ್ಳೆಯ ನಾರು ಇರುತ್ತದೆ. ಕೂತು ಕೂತು ಗಂಟುಕಟ್ಟಿ ಹಲಗೆಯಾಗಿರುವ ಅದನ್ನು ಶೆಡ್ಡಿನಲ್ಲಿ ಹರಡಿ, ಕೋಲಿನಿಂದ ಬಡಿದು, ಕೈಯಲ್ಲಿ ಬಿಡಿಸಿದರೆ ಮತ್ತೆ ಮೆತ್ತಗಾಗುತ್ತದೆ. ಬಿಚ್ಚುವುದು, ಸ್ಪ್ರಿಂಗು ಕಟ್ಟುವುದು, ಮೊಳೆ ಹೊಡೆಯುವುದು ಅವರ ಕೆಲಸ. ಹೊದಿಕೆ ಹೊಲಿಯುವುದು ಮತ್ತು ನಾರು ಬಡಿಯುವುದು ನನ್ನದು. ನನಗೆ ಸಿಟ್ಟು ಬಂದ ದಿನ ನಾರು ಚೆನ್ನಾಗಿ ಹದವಾಗುತ್ತದಂತೆ. ಅವರು ತಮ್ಮ ಜೀವಮಾನದಲ್ಲಿ ಮಾಡಿದ ತಮಾಷೆ ಅದೊಂದೇ, ಅದನ್ನೇ ವರ್ಷಕ್ಕೊಮ್ಮೆ ಮಾಡುತ್ತಾರೆ.

ಈ ಕಸುಬನ್ನು ಅವರಿಗೆ ಕಲಿಸಿದ್ದು ನಮ್ಮ ಮಾವ. ಕಸುಬಿನ ಜೊತೆಗೆ ಒಂದು ಕಟ್ಟಳೆಯನ್ನೂ ಕಲಿಸಿದ್ದರು. ಸೋಫಾದೊಳಗೆ ಏನೇ ಸಿಗಲಿ, ಅದು ಒಡೆಯರದು. ಅವರ ಕೈಗೇ ಕೊಡಬೇಕು, ಬೇರೆ ಯಾರ ಮುಂದೆಯೂ ಬಾಯಿ ಬಿಡಬಾರದು. ಜನರ ಮನೆಯ ಕಪಾಟಿಗೆ ಬೀಗ ಇರುತ್ತದೆ, ಆದರೆ ಸೋಫಾದ ಸಂದಿಗೆ ಬೀಗ ಇಲ್ಲವಲ್ಲ. ಹೇರ್‌ಪಿನ್ನು, ಆಟದ ಗೊಂಬೆಯ ಕೈ, ಬೀಗದ ಕೈ ಇವೆಲ್ಲ ಸಾಮಾನ್ಯ. ಒಮ್ಮೆ ಒಂದು ಜೊತೆ ಕಟ್ಟಿಸಿದ ಹಲ್ಲು ಸಿಕ್ಕಿತ್ತು. ಹಲ್ಲನ್ನು ನಾನು ಕಣ್ಣಾರೆ ಕಂಡದ್ದರಿಂದ ಗೊತ್ತಾಯಿತೇ ಹೊರತು ಅವರಾಗಿ ಹೇಳಲಿಲ್ಲ. ಸಿಕ್ಕಿದ್ದನ್ನೆಲ್ಲ ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಸೋಫಾ ಒಪ್ಪಿಸುವಾಗ ಒಡೆಯರ ಕೈಯಲ್ಲಿಟ್ಟು ಬರುತ್ತಿದ್ದರು.

ಬೀದಿಯವರು ಸುಮ್ಮನಿರುತ್ತಾರೆಯೇ. ಅವರ ಮನೆ ಸೋಫಾ ಬಿಚ್ಚಿದಿರಂತಲ್ಲ, ಒಳಗೆ ಏನಿತ್ತು ಎಂದು ಹಲ್ಲು ಕಿರಿಯುತ್ತ ಬಂದು ಕೂರುತ್ತಿದ್ದರು. ಆಗ ನಮ್ಮವರು ಗಲ್ಲವನ್ನು ಒಂಚೂರು ಮೇಲೆತ್ತಿ, ಕೇಳಿದವರ ತಲೆಯ ಮೇಲಿನ ಗೋಡೆ ನೋಡುತ್ತ, "ಅಂಥದ್ದೇನೂ ಇಲ್ಲ" ಅನ್ನುತ್ತಿದ್ದರು. ಸಿಟ್ಟಿಲ್ಲ, ನಗುವಿಲ್ಲ. ಅದರ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಆಗುತ್ತಿರಲಿಲ್ಲ. ಪಕ್ಕದಲ್ಲೇ ದೊಡ್ಡ ಅಂಗಡಿ ಇದ್ದರೂ ದೂರದ ಬಡಾವಣೆಗಳಿಂದ ಜನ ನಮ್ಮಲ್ಲಿಗೆ ಬರುತ್ತಿದ್ದದ್ದು ಈ ಮಾತಿನ ಮೇಲಿನ ನಂಬಿಕೆಯಿಂದ ಎಂದು ನನಗೆ ಹೆಮ್ಮೆಯಿತ್ತು. ಹೊಟ್ಟೆಕಿಚ್ಚೂ ಇತ್ತು, ಯಾಕೆಂದರೆ ನನಗೂ ಅದೇ ಉತ್ತರ ಸಿಗುತ್ತಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ದೊಡ್ಡ ಟೀಚರ್ ಮನೆ. ಸುತ್ತಲಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು, ನಿವೃತ್ತರಾಗುವಾಗ ಶಾಲೆಯ ಮುಖ್ಯೋಪಾಧ್ಯಾಯಿನಿ. ನಮ್ಮವರೂ ಅವರ ಶಿಷ್ಯರೇ. ಪ್ರಾರ್ಥನೆ ಮುಗಿದ ಕೂಡಲೇ ಸಾಲಿನಲ್ಲಿ ನಿಲ್ಲಿಸಿ ಎಲ್ಲರ ಉಗುರು ನೋಡುತ್ತಿದ್ದರಂತೆ; ಉಗುರಲ್ಲಿ ಮಣ್ಣಿದ್ದರೆ ಮನೆಗೆ ವಾಪಸ್ಸು. ಈಗಲೂ ಅವರು ಎದುರಿಗೆ ಬಂದರೆ ಅಂಗಡಿಯವರು, ಆಟೋದವರು, ಒಬ್ಬ ಪೊಲೀಸಿನವರು ಕೂಡ ತಿಳಿಯದೆ ಕೈ ಹಿಂದೆ ಕಟ್ಟಿಕೊಳ್ಳುತ್ತಾರೆ. ಅವರ ಮನೆಯ ನೆಲದಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎಂದು ನಾನು ಹೇಳುತ್ತಿದ್ದೆ.

ಅವರ ಮಗಳು ಹೆರಿಗೆ ಮುಗಿಸಿ ಕೂಸಿನೊಂದಿಗೆ ತಾಯಿಯ ಮನೆಗೆ ಬರುವವಳಿದ್ದಳು. ಹಿಂದಿನ ಉಗ್ರಾಣದಲ್ಲಿ ಅವರ ಯಜಮಾನರು ಕೂರುತ್ತಿದ್ದ ಉದ್ದನೆಯ ಸೋಫಾ ಇತ್ತು. ಅವರು ತೀರಿಕೊಂಡ ಮೇಲೆ ಅದನ್ನು ಅಲ್ಲಿ ಮುಚ್ಚಿಟ್ಟಿದ್ದರು. ಮಗು ಎತ್ತಿಕೊಂಡು ಕೂರಲು ಅದಕ್ಕಿಂತ ಹಿತವಾದದ್ದಿಲ್ಲ, ಸರಿಮಾಡಿಕೊಡು ಎಂದು ನಮ್ಮವರಿಗೆ ಹೇಳಿಕಳಿಸಿದರು. ತಳ್ಳುಗಾಡಿಯಲ್ಲಿ ಸೋಫಾ ಬಂತು. ತೇಗದ ಕಾಲು, ಗಟ್ಟಿ ಚೌಕಟ್ಟು. ನಮ್ಮವರು ಅದರ ತೋಳನ್ನು ಸವರಿದ ರೀತಿ ನೋಡಿದರೆ ನನ್ನನ್ನು ನೋಡಲು ಬಂದ ದಿನ ಕೂಡ ಅಷ್ಟು ಆಸೆಯಿಂದ ನೋಡಿರಲಿಕ್ಕಿಲ್ಲ.

ಸೋಫಾ ತಲೆಕೆಳಗು ಮಾಡಿ ಅಡಿಯ ಬಟ್ಟೆ ಬಿಚ್ಚಿದವರು ಸ್ವಲ್ಪ ಹೊತ್ತು ಹಾಗೇ ನಿಂತರು. ನಾನು ಯಂತ್ರದ ಮುಂದೆ ಕೂತಿದ್ದೆ, ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆಮೇಲೆ ಒಳಗಿನ ನಾರನ್ನೆಲ್ಲ ಗೋಣಿಗೆ ತುಂಬಿ ತಾವೇ ಹೊತ್ತುಕೊಂಡು ಶೆಡ್ಡಿಗೆ ಹೋದರು. ಕೋಲು ಹಿಡಿದು ಹಿಂದೆಯೇ ಹೋದ ನನಗೆ, ನೀನು ಹೊದಿಕೆ ನೋಡು, ಇದನ್ನು ನಾನು ನೋಡ್ಕೋತೀನಿ ಅಂದು ಕೋಲು ಕಿತ್ತುಕೊಂಡು ಬಾಗಿಲು ಹಾಕಿಕೊಂಡರು. ಇದೇನಿದು, ಸೂರ್ಯ ಯಾವ ಕಡೆ ಹುಟ್ಟಿದ ಅಂದುಕೊಂಡೆ. ಒಳಗಿನಿಂದ ಧಪ್ ಧಪ್ ಎಂದು ಬಡಿಯುವ ಸದ್ದು ಬಹಳ ಹೊತ್ತು ಕೇಳಿತು. ಆ ಶೆಡ್ಡಿಗೆ ಕಿಟಕಿಯಿಲ್ಲ. ಹೊರಗೆ ಬಂದಾಗ ಹುಬ್ಬು, ಮೀಸೆ, ಮೂಗಿನ ಹೊಳ್ಳೆ ಎಲ್ಲ ಧೂಳು. ಮುದುಕಪ್ಪ ಬಂದ ಎಂದು ನಾನು ನಕ್ಕೆ. ಅವರು ನಗದೆ ಕೈಕಾಲು ತೊಳೆಯಲು ಹೋದರು, ಆಮೇಲೆ ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಏನನ್ನೋ ಹೂತರು. ಕೇಳಿದೆ. ಅಂಥದ್ದೇನೂ ಇಲ್ಲ.

ಸೋಫಾ ಹೊಸ ಮದುಮಗನ ಹಾಗೆ ಸಿದ್ಧವಾಗಿ ಟೀಚರ್ ಮನೆ ಸೇರಿತು. ನಾನೂ ಅದನ್ನು ಮರೆತೆ.

ಎರಡು ಮೂರು ವಾರ ಕಳೆದಿರಬೇಕು, ನಮ್ಮವರಿಗೆ ಜ್ವರ ಬಂತು. ಬಂದದ್ದೇ ಜೋರಾಗಿ ಬಂತು. ತಲೆ ಸಿಡಿಯುತ್ತದೆ, ಸೊಂಟ ಮುರಿದು ಹೋಗುತ್ತದೆ ಎಂದು ಒರಗಿಬಿಟ್ಟರು. ಸೊಂಟ ನೋವು ಅಂದರೆ ಸೋಫಾ ಎತ್ತುವವರಿಗೆ ಹೊಸದಲ್ಲ. ಬೀದಿಯ ಡಾಕ್ಟರು ಹವಾಮಾನದ ಜ್ವರ ಅಂದು ಮಾತ್ರೆ ಕೊಟ್ಟರು. ಜ್ವರ ಇಳಿಯುವುದಿರಲಿ, ಮುಖ ಬಿಸಿಲಿಗೆ ಬೆಂದವರ ಹಾಗೆ ಕೆಂಪಾಯಿತು, ಕಣ್ಣು ಕೆಂಡವಾಯಿತು. ತೋಳಿನ ಒಳಭಾಗದಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಕೆಂಪು ಚುಕ್ಕೆಗಳು ಎದ್ದವು. ಕುಡಿದ ನೀರೆಲ್ಲ ಎಲ್ಲಿ ಹೋಗುತ್ತಿದೆಯೋ, ಬಚ್ಚಲಿಗೆ ಹೋದವರು ಸುಮ್ಮನೆ ನಿಂತು ವಾಪಸ್ಸು ಬರುತ್ತಿದ್ದರು. ಅದನ್ನೂ ನನಗೆ ಹೇಳಿರಲಿಲ್ಲ. ನಾನೇ ಬಾಗಿಲ ಹೊರಗೆ ನಿಂತು ಕಿವಿಗೊಟ್ಟು ಕಂಡುಹಿಡಿದೆ, ಅವತ್ತೇ ಮೈದುನನನ್ನು ಕರೆಸಿ ಆಸ್ಪತ್ರೆಗೆ ಸೇರಿಸಿದೆ.

ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ. ರಕ್ತದ ರಿಪೋರ್ಟು ಹಿಡಿದುಕೊಂಡು ಅವರ ಹೊಟ್ಟೆ ಒತ್ತಿ, ಬೆನ್ನು ತಟ್ಟಿ, ತೋಳಿನ ಚುಕ್ಕೆ ನೋಡಿದರು. ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗಿವೆ, ಅದು ಸೊಳ್ಳೆ ಜ್ವರದಲ್ಲೂ ಆಗುತ್ತದೆ, ಆದರೆ ಕಿಡ್ನಿ ಇಷ್ಟು ಬೇಗ ಸೋತಿರುವುದು ನನಗೆ ಸರಿಕಾಣುತ್ತಿಲ್ಲ ಅಂದರು. ಮತ್ತೆ ಮಂಚದ ಅಂಚಿನಲ್ಲಿ ಕೂತು ಒಂದು ಪ್ರಶ್ನೆ ಕೇಳಿದರು.

"ಇತ್ತೀಚೆಗೆ ಇಲಿ ಓಡಾಡೋ ಜಾಗ ಎಲ್ಲಾದ್ರೂ ಗುಡಿಸಿದ್ರಾ? ಇಲಿ ಹಿಕ್ಕೆ, ಇಲಿ ಗೂಡು ಏನಾದ್ರೂ ಮುಟ್ಟಿದ್ರಾ?"

ನಮ್ಮವರು ದಿಂಬಿನ ಮೇಲಿದ್ದ ಗಲ್ಲವನ್ನು ಒಂಚೂರು ಮೇಲೆತ್ತಿದರು. ಡಾಕ್ಟರಮ್ಮನ ತಲೆಯ ಮೇಲಿನ ಗೋಡೆ ನೋಡಿದರು.

"ಅಂಥದ್ದೇನೂ ಇಲ್ಲ."

ಜ್ವರದ ಬಾಯಿಂದ ಬಂದ ಮಾತಲ್ಲ ಅದು. ಅಂಗಡಿಯ ಮಾತು. ಅಷ್ಟು ವರ್ಷ ಯಂತ್ರದ ಮುಂದೆ ಕೂತು ಕೇಳಿಸಿಕೊಂಡ ನನಗೆ ಆ 'ಇಲ್ಲ'ದೊಳಗೆ ಒಂದು 'ಇದೆ' ಅಡಗಿದೆ ಎಂದು ಗೊತ್ತಾಗದೆ ಇರುತ್ತದೆಯೇ.

ಡಾಕ್ಟರಮ್ಮನ ಹಿಂದೆಯೇ ಹೊರಗೆ ಓಡಿ, ಅವರು ನಿಜ ಹೇಳುತ್ತಿಲ್ಲ ಅಂದೆ. ಆ ಹುಡುಗಿ ನನ್ನ ಮುಖ ನೋಡಿ, ಹಾಗಾದರೆ ನಿಜ ಏನು ಎಂದು ಕೇಳಿದರು. ನನಗೇನು ಗೊತ್ತು. ಅವರು ಸಮಾಧಾನದಿಂದ ತಿಳಿಸಿ ಹೇಳಿದರು. ಇಲಿಯಿಂದ ಬರುವ ರೋಗಗಳಲ್ಲಿ ಎರಡು ಮೊದಮೊದಲು ಒಂದೇ ಥರ ಕಾಣುತ್ತವೆ. ಒಂದಕ್ಕೆ ಔಷಧಿ ಇದೆ. ಇನ್ನೊಂದು ಹಂಟಾವೈರಸ್, ಅದಕ್ಕೆ ನೆಚ್ಚಿಕೊಳ್ಳುವಂಥ ಔಷಧಿ ಇಲ್ಲ, ಪಹರೆ ಕಾಯುವುದೊಂದೇ ದಾರಿ. ನೀರು ಹೆಚ್ಚು ಕೊಟ್ಟರೂ ಅಪಾಯ, ಕಡಿಮೆ ಕೊಟ್ಟರೂ ಅಪಾಯ. ಕಿಡ್ನಿ ನಿಂತರೆ ರಕ್ತ ತೊಳೆಯುವ ಯಂತ್ರ ಪಕ್ಕದಲ್ಲೇ ಇರಬೇಕು. ಆ ಯಂತ್ರ ಇರುವುದು ದೊಡ್ಡಾಸ್ಪತ್ರೆಯಲ್ಲಿ, ಅಲ್ಲಿ ಮಂಚ ಸಿಗುವುದು ಕಷ್ಟ.

"ಬರೀ ನನ್ನ ಅನುಮಾನ ಅಂದ್ರೆ ದೊಡ್ಡಾಸ್ಪತ್ರೆಯವ್ರು ರಿಪೋರ್ಟ್ ಬರೋವರೆಗೂ ಕಾಯಿರಿ ಅಂತಾರೆ. ಇಲಿ ಗೂಡನ್ನ ಕೈಯಾರೆ ಬಿಚ್ಚಿದಾರೆ ಅಂದ್ರೆ ಈಗ್ಲೇ ಗಾಡಿ ಕಳಿಸ್ತಾರೆ. ಕಾಯೋದು ನನಗೆ ಇಷ್ಟ ಇಲ್ಲಮ್ಮ" ಅಂದರು ಡಾಕ್ಟರಮ್ಮ.

ಕಣ್ಣ ಮುಂದೆ ಆ ಶೆಡ್ಡಿನ ಮುಚ್ಚಿದ ಬಾಗಿಲು ಬಂತು. ಮದುವೆಯಾದಾಗಿನಿಂದ ನಾರು ಬಡಿದವಳು ನಾನು. ಅವರು ನನ್ನ ಕೈಯಿಂದ ಕೋಲು ಕಿತ್ತುಕೊಂಡದ್ದು ಒಂದೇ ಒಂದು ಸಲ.

ವಾರ್ಡಿಗೆ ಬಂದು ಅವರ ಕಿವಿಯ ಹತ್ತಿರ ಬಗ್ಗಿದೆ. ಮೈ ಕಾದ ಹೆಂಚಾಗಿತ್ತು. ಸಣ್ಣ ದನಿಯಲ್ಲಿ ಮಾತಾಡುವುದು ನನಗೆ ಅಭ್ಯಾಸವಿಲ್ಲ, ಆದರೂ ಆಡಿದೆ.

"ದೊಡ್ಡ ಟೀಚರ್ ಸೋಫಾದಲ್ಲಿ ಇಲಿ ಗೂಡಿತ್ತು ತಾನೇ?"

ಕಣ್ಣು ಮುಚ್ಚಿದ್ದವರು ತೆರೆದರು. ಇಲಿ ಅಂದರೆ ಯಾರ ಮನೆ ಅಂತ ಕೇಳುತ್ತಾರೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಾಲ್ಕು ಜನ ಹೋಗಿ ಅವರ ಮನೆ ಮುಂದೆ ನಿಲ್ಲುತ್ತಾರೆ, ಇಡೀ ಬೀದಿ ನೋಡುತ್ತದೆ, ಅವರು ಮತ್ತೆ ತಲೆ ಎತ್ತುತ್ತಾರಾ ಎಂದು ತಡೆತಡೆದು ಹೇಳಿದರು. ನಾರು ಎಸೆದಿದ್ದರೆ ಹೊಸದು ಯಾಕೆ ಎಂದು ಟೀಚರ್ ಎದುರು ಬಾಯಿ ಬಿಡಬೇಕಾಗುತ್ತಿತ್ತು, ಅದಕ್ಕೇ ತಾವೇ ಬಡಿದು ಅದನ್ನೇ ತುಂಬಿದರಂತೆ. ಅಪ್ಪ ಹೇಳಿಕೊಟ್ಟದ್ದನ್ನು ಈ ವಯಸ್ಸಿನಲ್ಲಿ ಮುರಿಯಲೇ ಅಂದರು. ಸಾಯುವ ಮಂಚದ ಮೇಲೆ ಮಲಗಿ ಗಿರಾಕಿಯ ಮಾನ ಕಾಯುವ ಗಂಡನ ಜೊತೆ ಯಾವ ಹೆಂಗಸು ತಾನೇ ಬಾಳುವೆ ಮಾಡಿದ್ದಾಳು. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂತು. ಸಿಟ್ಟನ್ನೇ ಮುಂದೆ ಬಿಟ್ಟೆ.

"ಮಾವ ಮುಚ್ಚಿಡು ಅಂತ ಹೇಳಿದ್ದಲ್ಲ ರೀ. ಒಡೆಯರ ಕೈಗೆ ಕೊಡು ಅಂದಿದ್ದು. ಬಾಚಣಿಗೆ ಸಿಕ್ಕಿದ್ರೂ ಕೊಟ್ಟು ಬರ್ತೀರಿ. ಇದನ್ನ ಕೊಟ್ರಾ? ಹಿತ್ತಲಲ್ಲಿ ಹೂತ್ರಿ. ಮಿಕ್ಕ ಇಲಿ ಆ ಉಗ್ರಾಣದಲ್ಲೇ ಇದೆ. ಅಲ್ಲಿ ಹಸೀ ಬಾಣಂತಿ, ಕೂಸು ಇದೆ. ಅವರು ಪೊರಕೆ ತಗೊಂಡು ಗುಡಿಸೋಕೆ ಹೋದ್ರೆ?"

ಅವರು ನನ್ನನ್ನೇ ನೋಡಿದರು. ಆ ಕೆಂಪು ಕಣ್ಣಲ್ಲಿ ನೀರು ತುಂಬಿ ಕಿವಿಯ ಕಡೆಗೆ ಇಳಿಯಿತು. ಅವರು ಅಳುವುದನ್ನು ನಾನು ನೋಡಿದ್ದು ಮಾವ ಹೋದಾಗ, ಬಿಟ್ಟರೆ ಅವತ್ತು.

"ಡಾಕ್ಟರನ್ನ ಕರಿ ಇವಳೇ" ಅಂದರು.

ಡಾಕ್ಟರಮ್ಮನ ಎದುರು ಅವರು ಎಲ್ಲ ಹೇಳಿದರು. ಸೀಟಿನ ಕೆಳಗೆ ಗೂಡಿತ್ತು, ಮರಿಗಳಿರಲಿಲ್ಲ, ಹಿಕ್ಕೆ ನಾರಿನ ತುಂಬ ಸೇರಿಹೋಗಿತ್ತು, ಉಚ್ಚೆಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು, ಬಾಗಿಲು ಹಾಕಿಕೊಂಡು ಬಡಿದೆ, ಮೂಗಿಗೆ ಏನೂ ಕಟ್ಟಿರಲಿಲ್ಲ. ಯಾರ ಮನೆಯದು ಎಂದೂ ಹೇಳಿದರು. ಒಟ್ಟಿಗೆ ಅಷ್ಟು ಮಾತು ಅವರ ಬಾಯಿಂದ ನಾನು ಕೇಳಿರಲೇ ಇಲ್ಲ. ಡಾಕ್ಟರಮ್ಮ ಬೈಯಲಿಲ್ಲ. ಇಲಿಯ ಉಚ್ಚೆ, ಹಿಕ್ಕೆ ಒಣಗಿ ಧೂಳಾಗಿ ಎದ್ದಾಗ ಉಸಿರಿನೊಂದಿಗೆ ಒಳಗೆ ಹೋಗುತ್ತದೆ, ಕಚ್ಚಬೇಕೆಂದೇನಿಲ್ಲ ಅಂದರು. ಇವರಿಂದ ನನಗೆ ಹರಡುವ ರೋಗ ಇದಲ್ಲ ಎಂದೂ ಧೈರ್ಯ ಹೇಳಿದರು. ಫೋನು ಹಿಡಿದು ಹೊರಗೆ ಹೋದರು, ಸಂಜೆಯೊಳಗೆ ಗಾಡಿ ಬಂತು.

ಮೈದುನ ಅಣ್ಣನ ಜೊತೆ ದೊಡ್ಡಾಸ್ಪತ್ರೆಯಲ್ಲಿ ಉಳಿದ. ಮಾರನೆಯ ಬೆಳಿಗ್ಗೆ ನಾನು ನೆಟ್ಟಗೆ ಟೀಚರ್ ಮನೆಗೆ ಹೋದೆ. ಆರೋಗ್ಯ ಇಲಾಖೆಯವರು ಬಾಗಿಲು ಬಡಿಯುವ ಮೊದಲು ಸುದ್ದಿ ನಮ್ಮ ಬಾಯಿಂದಲೇ ಹೋಗಬೇಕು ಎಂದು ನಮ್ಮವರು ಗಾಡಿ ಹತ್ತುವಾಗ ಹೇಳಿದ್ದರು.

ಮಗಳು ಅದೇ ಸೋಫಾದ ಮೇಲೆ ಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದಳು. ಉಗ್ರಾಣದ ಬಾಗಿಲು ಅರ್ಧ ತೆರೆದಿತ್ತು, ಪಕ್ಕದಲ್ಲಿ ಪೊರಕೆ ಒರಗಿತ್ತು; ಅದನ್ನು ಖಾಲಿ ಮಾಡಿ ಮಗುವಿನ ಕೋಣೆ ಮಾಡುವ ಯೋಚನೆಯಂತೆ, ಇವತ್ತೇ ಗುಡಿಸಬೇಕೆಂದಿದ್ದರಂತೆ. ನಾನು ಪೊರಕೆಯನ್ನು ಎತ್ತಿ ಅಂಗಳಕ್ಕೆ ಎಸೆದೆ. ಮಗಳನ್ನು ಕೂಸಿನ ಸಮೇತ ಮುಂದಿನ ಕೋಣೆಗೆ ಕಳಿಸಿ, ಟೀಚರ್ ಎದುರು ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ.

ಅವರು ಕುರ್ಚಿ ಹಿಡಿದು ನಿಧಾನಕ್ಕೆ ಕೂತರು. ತಮ್ಮ ಉಗುರುಗಳನ್ನೇ ನೋಡಿಕೊಂಡು ಹೇಳಿದರು:

"ನನಗೆ ಗೊತ್ತಿತ್ತು ಕಣೇ. ಅಡಿ ಬಟ್ಟೇಲಿ ತೂತು ನೋಡಿದ್ದೆ, ಇಲಿ ಹೋಗಿ ಬರೋದನ್ನೂ ನೋಡಿದ್ದೆ. ನಾನೇ ಕಪ್ಪು ದಾರದಲ್ಲಿ ತೇಪೆ ಹಾಕ್ದೆ. ನಿನ್ನ ಗಂಡ ಕಂಡ್ರೂ ಯಾರಿಗೂ ಹೇಳಲ್ಲ ಅಂತಾನೇ ಅವನಿಗೆ ಕೊಟ್ಟೆ."

ನಾವು ಇಷ್ಟು ವರ್ಷ ಹೆಮ್ಮೆಪಟ್ಟ ಗುಣವನ್ನೇ ನಂಬಿ ಈ ಹೆಂಗಸು ನಮ್ಮ ಮನೆಗೆ ಗೂಡು ಕಳಿಸಿದ್ದರು. "ಇಲಿ ಇದೆ ಅಂತ ಒಂದು ಮಾತು ಹೇಳಿದ್ರೆ ಆ ನಾರು ಎಸೆದು ಬೇರೆ ತುಂಬ್ತಿದ್ವಿ ಟೀಚರ್. ಇಲಿ ಯಾರ ಮನೇಲಿಲ್ಲ?" ಅಂದೆ. ಅಷ್ಟು ಅಂದು ಹೊರಗೆ ಬಂದುಬಿಟ್ಟೆ. ನಮ್ಮವರಿಗೆ ಇದನ್ನು ಹೇಳಲೇಬಾರದು ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡೆ. ಯಾರ ಮಾನಕ್ಕಾಗಿ ಜೀವ ಒತ್ತೆಯಿಟ್ಟರೋ ಅವರಿಗೆ ಎಲ್ಲ ಗೊತ್ತಿತ್ತು ಎಂದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ ಎನ್ನಿಸಿತು.

ಟೀಚರ್ ಸುಮ್ಮನೆ ಕೂರಲಿಲ್ಲ, ಅದನ್ನು ಹೇಳಲೇಬೇಕು. ಇಲಾಖೆಗೆ ತಾವೇ ಫೋನು ಮಾಡಿದರಂತೆ. ಮಗಳನ್ನು, ಕೂಸನ್ನು ಅವತ್ತೇ ಪರೀಕ್ಷೆಗೆ ಕಳಿಸಿದರು. ಇಬ್ಬರಿಗೂ ಏನೂ ಆಗಿರಲಿಲ್ಲ. ಮುಖಗವಸು, ಕೈಗವಸು ಹಾಕಿಕೊಂಡ ಜನ ಹಾಡುಹಗಲಲ್ಲಿ ಬಂದು, ಕಿಟಕಿ ಬಾಗಿಲು ತೆರೆದಿಟ್ಟು, ಬ್ಲೀಚಿಂಗ್ ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಫಾದ ಸಮೇತ ಕಸವನ್ನೆಲ್ಲ ಚೀಲಗಳಲ್ಲಿ ಕಟ್ಟಿಕೊಂಡು ಹೋದರು. ಆಮೇಲೆ ನಮ್ಮ ಶೆಡ್ಡಿಗೂ ಬಂದರು. ಬೀದಿಯೆಲ್ಲ ನೋಡಲು ನಿಂತಿತ್ತು. ಟೀಚರ್ ಗೇಟಿನ ಹೊರಗೇ ನಿಂತು, ನಮ್ಮ ಮನೆಯಲ್ಲಿ ಇಲಿ ಇತ್ತು, ನಿಮ್ಮ ಅಟ್ಟ, ಗ್ಯಾರೇಜು ನೋಡಿಕೊಳ್ಳಿ, ಒಣ ಪೊರಕೆ ಹಾಕಬೇಡಿ, ಮೊದಲು ನೆನೆಸಿ ಎಂದು ಬಂದವರಿಗೆಲ್ಲ ಪಾಠ ಹೇಳಿದರಂತೆ. ವಾರ ಕಳೆಯುವುದರೊಳಗೆ ಬೀದಿಯಲ್ಲಿ ಇಲಿ ಇಲ್ಲದ ಮನೆಯೇ ಇಲ್ಲ ಎಂದಾಯಿತು. ಅಲ್ಲಿಯವರೆಗೆ ಎಲ್ಲರೂ ಒಬ್ಬರಿಗೊಬ್ಬರು ಹೇಳದೆ ಸಾಕಿಕೊಂಡಿದ್ದರು.

ದೊಡ್ಡಾಸ್ಪತ್ರೆಗೆ ವಾಪಸ್ಸಾಗಿದ್ದ ನನಗೆ ಇದನ್ನೆಲ್ಲ ಮೈದುನ ಬಂದು ಹೇಳುತ್ತಿದ್ದ. ನನಗೆ ಅದರ ಕಡೆ ಗಮನವಿರಲಿಲ್ಲ. ಪರೀಕ್ಷೆಯಲ್ಲಿ ಹಂಟಾವೈರಸ್ ಎಂದೇ ಬಂದಿತ್ತು. ಜ್ವರ ಇಳಿದು, ರಕ್ತದೊತ್ತಡ ಕುಸಿದು, ಕಿಡ್ನಿಗಳು ಪೂರ್ತಿ ಕೈಕೊಟ್ಟಿದ್ದವು. ಮುಖ ಊದಿ ಗುರುತು ಸಿಗದ ಹಾಗಾಗಿತ್ತು. ಒಂದು ದಿನ ಬಿಟ್ಟು ಒಂದು ದಿನ ಯಂತ್ರಕ್ಕೆ ಹಾಕುತ್ತಿದ್ದರು. ಅವರ ರಕ್ತ ಕೊಳವೆಯಲ್ಲಿ ಹೊರಗೆ ಹೋಗಿ ತೊಳೆದುಕೊಂಡು ಒಳಗೆ ಬರುತ್ತಿತ್ತು. ಕುಡಿಯಲು ಕೊಡುವ ನೀರೂ ಅಳತೆಯದು. ಗಂಟಲು ಒಣಗಿ ಅವರು ತುಟಿ ನೆಕ್ಕಿಕೊಂಡರೆ ನಾನು ಒದ್ದೆ ಹತ್ತಿಯಿಂದ ಸವರುತ್ತಿದ್ದೆ. ಕಿಡ್ನಿ ನಿದ್ದೆ ಮಾಡುತ್ತಿದೆ, ಬಹಳ ಜನರಲ್ಲಿ ತಾನಾಗೇ ಏಳುತ್ತದೆ, ಎಲ್ಲರಲ್ಲಿ ಅಂತ ಹೇಳಲಾರೆ ಎಂದು ಅಲ್ಲಿನ ಹಿರಿಯ ಡಾಕ್ಟರು ಅಂದಿದ್ದರು.

ಮಂಚದ ಕೆಳಗೆ ಗೀಟುಗಳಿದ್ದ ಒಂದು ಪ್ಲಾಸ್ಟಿಕ್ ಜಾಡಿ ಇತ್ತು. ನಮ್ಮ ಬದುಕು ಅದರ ಸುತ್ತ ತಿರುಗತೊಡಗಿತು. ಬೆಳಿಗ್ಗೆ ಎದ್ದರೆ ಜಾಡಿ, ಡಾಕ್ಟರು ಬಂದರೆ ಜಾಡಿ. ತಳ ಕೂಡ ಮುಚ್ಚುವಷ್ಟು ಇರುತ್ತಿರಲಿಲ್ಲ. ನರ್ಸಮ್ಮ ಅದನ್ನು ಬೆಳಕಿಗೆ ಹಿಡಿದು, ಏನೂ ಇಲ್ಲ ಎಂದು ವಾರ್ಡಿಗೆಲ್ಲ ಕೇಳುವ ಹಾಗೆ ಕೂಗಿದರೆ ನಮ್ಮವರು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದರು. ನನ್ನ ಹತ್ತಿರ ಸಹ ಬಚ್ಚಲ ಸುದ್ದಿ ಎತ್ತದ ಮನುಷ್ಯ ಅವರು. ನಾನು ಮಾತ್ರ ನಾಚಿಕೆ ಬಿಟ್ಟು, ಆ ಜಾಡಿ ತುಂಬಲಪ್ಪ ಎಂದು ಕಂಡಕಂಡ ದೇವರನ್ನೆಲ್ಲ ಬೇಡಿಕೊಂಡೆ. ಅವರು ನಿದ್ದೆ ಹೋದಾಗ ಅವರ ಕೈ ಹಿಡಿದುಕೊಂಡು ಕೂರುತ್ತಿದ್ದೆ. ಹೆಬ್ಬೆರಳಲ್ಲಿ ಸುತ್ತಿಗೆ ಏಟಿನ ಹಳೇ ಗುರುತುಗಳಿದ್ದವು. ನನ್ನ ಕೈಯಿಂದ ಕೋಲು ಕಿತ್ತುಕೊಳ್ಳದೆ ಇದ್ದಿದ್ದರೆ ಈ ಮಂಚದ ಮೇಲೆ ಇರುತ್ತಿದ್ದವಳು ನಾನೇ. ಗುಟ್ಟು ಕಾಯಲು ಹೋಗಿ ತಿಳಿಯದೆ ನನ್ನನ್ನು ಕಾಯ್ದಿದ್ದರು. ಈ ಮನುಷ್ಯನಿಲ್ಲದೆ ನನ್ನ ಮಾತನ್ನೆಲ್ಲ ಯಾರ ಮುಂದೆ ಆಡಲಿ ಎಂದು ಹೆದರಿಕೆಯಾಗುತ್ತಿತ್ತು.

ಒಂದು ಬೆಳಿಗ್ಗೆ ಜಾಡಿಯಲ್ಲಿ ಒಂದು ಗೀಟಿನಷ್ಟು ಕಂಡಿತು. ಮಾರನೆಯ ದಿನ ಇನ್ನಷ್ಟು. ಅದಾದ ಮೇಲೆ ಕಟ್ಟೆಯೊಡೆದ ಹಾಗಾಯಿತು. ಹೀಗಾಗುವುದು ಒಳ್ಳೆಯದೇ, ಆದರೆ ಈಗ ಹೋದಷ್ಟು ನೀರು, ಉಪ್ಪು ಒಳಗೆ ಹೋಗುತ್ತಿರಬೇಕು ಎಂದು ಡಾಕ್ಟರು ಅದಕ್ಕೂ ಪಹರೆ ಹಾಕಿದರು. ಯಂತ್ರ ನಿಂತಿತು. ಊತ ಇಳಿದು ಮುಖದಲ್ಲಿ ನಮ್ಮವರು ಕಾಣಿಸಿಕೊಂಡರು. ನಾನು ಹೊರಗಿನ ಬೆಂಚಿನ ಮೇಲೆ ಕೂತು ಮನಸಾರೆ ಅತ್ತೆ.

ದೊಡ್ಡ ಟೀಚರ್ ಬಂದದ್ದು ಆ ವಾರದಲ್ಲೇ. ನೋಡಲು ಜನ ಬರುವ ಹೊತ್ತು, ವಾರ್ಡು ತುಂಬಿತ್ತು. ಅವರು ಬಾಗಿಲಲ್ಲಿ ನಿಂತಾಗ ನಮ್ಮವರು ಎದ್ದು ಕೂರಲು ಹೊರಟರು, ನಾನು ಬೆನ್ನಿಗೆ ದಿಂಬು ಕೊಟ್ಟೆ. ಟೀಚರ್ ಸ್ಟೂಲಿನ ಮೇಲೆ ಕೂತರು. ಒಂದು ತಿಂಗಳಲ್ಲಿ ಹತ್ತು ವರ್ಷ ದಾಟಿದವರ ಹಾಗೆ ಕಂಡರು. ಹೇಳಬೇಡಿ ಎಂದು ನಾನು ಹಿಂದಿನಿಂದ ಕಣ್ಸನ್ನೆ ಮಾಡುತ್ತಲೇ ಇದ್ದೆ, ಅವರು ನೋಡಲಿಲ್ಲ.

"ನಿನಗೊಂದು ಮಾತು ಹೇಳಬೇಕು ಕಣೋ. ಆ ಸೋಫಾ ಕಳಿಸೋವಾಗ ನನಗೆ..."

"ಅಡೀಲಿ ತೇಪೆ ಇತ್ತು ಟೀಚರ್" ಅಂದರು ನಮ್ಮವರು. "ಬಿಚ್ಚಿದ್ದು ನಾನೇ ಅಲ್ವಾ. ಆಗಲೇ ಗೊತ್ತಾಯ್ತು."

ನನಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಟೀಚರ್ ಗೊತ್ತಿದ್ದೇ ಕಳಿಸಿದ್ದಾರೆಂದು ಇವರಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೇ ಬಡಿದರು, ಗೊತ್ತಿದ್ದೇ ಆ ಆಸ್ಪತ್ರೆಯ ಗೋಡೆ ನೋಡುತ್ತ ಇಲ್ಲ ಅಂದರು. ಇಬ್ಬರನ್ನೂ ಹಿಡಿದು ಬಡಿಯಬೇಕೆನ್ನುವಷ್ಟು ಸಿಟ್ಟು ಬಂತು, ಅದರ ಹಿಂದೆಯೇ ಇಬ್ಬರ ಮೇಲೂ ಅಯ್ಯೋ ಅನ್ನಿಸಿತು. ಟೀಚರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಪಕ್ಕದ ಮಂಚದವರು ಮಾತು ನಿಲ್ಲಿಸಿ ಈ ಕಡೆ ನೋಡತೊಡಗಿದರು.

ಟೀಚರ್ ಕಣ್ಣೊರೆಸಿಕೊಂಡು, ಈಗ ಹೇಗಿದ್ದೀಯೋ ಎಂದು ಕೇಳಿದರು. ಉತ್ತರ ಕೊಡಲು ನಾನು ಬಾಯಿ ತೆರೆದೆ. ನಮ್ಮವರು ಕೈ ಎತ್ತಿ ನನ್ನನ್ನು ತಡೆದರು. ಕಿವಿ ತುದಿಯವರೆಗೂ ಕೆಂಪಾಗಿದ್ದರು. ಆದರೂ ಟೀಚರ್ ಮುಖವನ್ನೇ ನೋಡುತ್ತ, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದರು:

"ಬೆಳಿಗ್ಗೆಯಿಂದ ಎರಡು ಜಾಡಿ ಉಚ್ಚೆ ಹೊಯ್ದಿದ್ದೀನಿ ಟೀಚರ್."

ಟೀಚರ್ ಅವರ ಕೈಯನ್ನು ತಮ್ಮ ಕೈಗೆ ತೆಗೆದುಕೊಂಡು, "ಜಾಣ ಕಣೋ ನೀನು, ಇನ್ನೂ ಹೊಯ್ಯಿ" ಅಂದರು.